ಡಬ್ಬಿ ಮೇಲೆ ಎಣ್ಣೆಯೋ, ತಳದಲ್ಲಿ ನೀರೋ? ಕೆಟ್ಟ ಕ್ರೀಮಿನ ದೋಷ ಹುಡುಕುವ ಬಗೆ

ಕಲಬುರಗಿ ಕಡೆ ಚಳಿಗಾಲ ಬಂತೆಂದರೆ ಹಿಮ್ಮಡಿ ಒಡೆಯದವರು ಕಡಿಮೆ. ಒಣಗಾಳಿ, ಬೋರ್‌ವೆಲ್‌ನ ಗಡಸು ನೀರು, ದಿನವಿಡೀ ಬರಿಗಾಲಲ್ಲಿ ಓಡಾಟ, ಎಲ್ಲ ಸೇರಿ ಚರ್ಮವನ್ನು ಒಣಗಿಸಿಬಿಡುತ್ತವೆ. ಅದಕ್ಕೇ ಇಲ್ಲಿ ಮನೆಯಲ್ಲಿ ಅಥವಾ ಸ್ವಸಹಾಯ ಸಂಘದಲ್ಲಿ ಕ್ರೀಮು ಮಾಡುವವರು ಹಗುರ ಲೋಷನ್ ಬಿಟ್ಟು, ಎಣ್ಣೆ ಹೊರಗೆ ನೀರು ಒಳಗೆ ಇರುವ ಗಟ್ಟಿ ಕ್ರೀಮಿನ ಕಡೆಗೇ ಬರುತ್ತಾರೆ. ಇದು ಕೈ ತೊಳೆದರೂ ಬೇಗ ಹೋಗಲ್ಲ. ಚರ್ಮದ ಮೇಲೆ ಪದರ ಕಟ್ಟಿ ತೇವ ಉಳಿಸುತ್ತದೆ. ಆದರೆ ಮಾಡೋದಕ್ಕೆ ಮಾತ್ರ ಇದೇ ಹೆಚ್ಚು ಹಠಮಾರಿ.

ಬೆಣ್ಣೆಯೂ ಇದೇ ಜಾತಿ. ಕೆನೆಯಲ್ಲಿ ನೀರು ಹೊರಗೆ, ಕೊಬ್ಬಿನ ಹನಿ ಒಳಗೆ. ಕಡೆದಾಗ ಅದು ಮಗುಚಿಕೊಳ್ಳುತ್ತದೆ: ಕೊಬ್ಬು ಹೊರಗೆ ಬಂದು, ನೂರಕ್ಕೆ 16ರಷ್ಟು ನೀರು ಸಣ್ಣ ಹನಿಗಳಾಗಿ ಒಳಗೆ ಉಳಿಯುತ್ತದೆ. ಬೆಣ್ಣೆಗೆ ಅಷ್ಟು ನೀರು ಸಾಕು. ನಮ್ಮ ಕ್ರೀಮಿಗೆ 70ರಷ್ಟು ನೀರು ಬೇಕು, ಅದನ್ನು ಹಿಡಿದಿಡೋಕೆ ಇರೋದು 30 ಭಾಗ ಎಣ್ಣೆ. ಹನಿಗಳು ಒತ್ತಾಗಿ ಕೂತಿರುತ್ತವೆ. ಸ್ವಲ್ಪ ಎಡವಟ್ಟಾದರೂ ಒಂದಕ್ಕೊಂದು ಸೇರಿಕೊಂಡು ಹೊರಗೆ ಬರುತ್ತವೆ.

ಕ್ರೀಮು ಕೆಟ್ಟಾಗ ಬಹಳ ಜನ ಮೊದಲು ಮಾಡೋದು ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ) ಜಾಸ್ತಿ ಹಾಕೋದು. ನನ್ನ ಪ್ರಕಾರ ಅದು ಕೊನೇ ಮದ್ದು. ಪದಾರ್ಥಗಳಲ್ಲೆಲ್ಲ ದುಬಾರಿ ಅದೇ, ಜಾಸ್ತಿಯಾದರೆ ಕ್ರೀಮು ಅಂಟಂಟು. ಮೊದಲು ನೋಡಬೇಕಾದ್ದು ಹೊರಗೆ ಬಂದಿರೋದು ಎಣ್ಣೆಯೋ ನೀರೋ ಅಂತ. ಎರಡರ ಕಾರಣ ಬೇರೆ, ಮದ್ದೂ ಬೇರೆ.

ಮಾತಿಗೆ ಒಂದು ಅಳತೆ ಇರಲಿ. 100 ಗ್ರಾಂ ಕ್ರೀಮಿನಲ್ಲಿ ಎಣ್ಣೆ ಭಾಗ 28 ಗ್ರಾಂ: ಎಣ್ಣೆಗಳು 22, ಎಮಲ್ಸಿಫೈಯರ್ 4, ಜೇನುಮೇಣ 1.5, ಮೆಗ್ನೀಷಿಯಂ ಸ್ಟಿಯರೇಟ್ 0.5. ನೀರಿನ ಭಾಗ 72 ಗ್ರಾಂ: ಡಿಸ್ಟಿಲ್ಡ್ ವಾಟರ್ 66.3, ಗ್ಲಿಸರಿನ್ 4, ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್ ಉಪ್ಪು) 0.7, ಪ್ರಿಸರ್ವೇಟಿವ್ (ಸೂಕ್ಷ್ಮಾಣು ಬೆಳೆಯದಂತೆ ತಡೆಯುವುದು) 1. ಎಮಲ್ಸಿಫೈಯರ್ ಅಂದರೆ ಎಚ್‌ಎಲ್‌ಬಿ ಸಂಖ್ಯೆ (ಅದು ನೀರು, ಎಣ್ಣೆಗಳಲ್ಲಿ ಯಾವ ಕಡೆ ವಾಲುತ್ತದೆ ಅನ್ನೋ ಅಳತೆ) 6ರೊಳಗಿನದು, ಅಂದರೆ ನೀರಿಗಿಂತ ಎಣ್ಣೆಯನ್ನೇ ಹೆಚ್ಚು ಇಷ್ಟಪಡುವಂಥದ್ದು. ಹರಳೆಣ್ಣೆಯ ಅಂಶದಿಂದ ಮಾಡುವ ಪಾಲಿಗ್ಲಿಸರಿಲ್ ಪಾಲಿರಿಸಿನೋಲಿಯೇಟ್, ಸಾರ್ಬಿಟಾನ್ ಓಲಿಯೇಟ್ ಈ ಗುಂಪಿನವು. ನಿಮ್ಮ ಅಳತೆ ಬೇರೆ ಇರಬಹುದು. ಮುಂದಿನ ಪರೀಕ್ಷೆಗಳು ಆಗಲೂ ನಡೆಯುತ್ತವೆ.

ಕೈ ಹಾಕುವ ಮುಂಚೆ

ಮೇಣ, ಎಣ್ಣೆಯನ್ನು ನೇರ ಉರಿಯ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಬೋಗುಣಿ ಇಡಿ. ಎಣ್ಣೆ 80 ಡಿಗ್ರಿ ದಾಟಬಾರದು. ನೂರರ ಮೇಲೆ ಕಾದ ಎಣ್ಣೆಗೆ ನೀರು ಬಿದ್ದರೆ ಅದು ಮುಖಕ್ಕೇ ಸಿಡಿಯುತ್ತದೆ. ಏನೂ ಬೆರೆಸದ ಪ್ರಿಸರ್ವೇಟಿವ್ ಕಣ್ಣಿಗೆ ಬಿದ್ದರೆ ಉರಿ ಜೋರು, ಗ್ಲೌಸು ಹಾಕಿ. ಸ್ಟಿಯರೇಟ್ ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಕಟ್ಟಿ. ಹ್ಯಾಂಡ್ ಬ್ಲೆಂಡರಿನ ಬ್ಲೇಡು ಬಳಿದುಕೊಳ್ಳುವ ಮುಂಚೆ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

ಎಣ್ಣೆ ಒರೆಸಿದ ಬಟ್ಟೆಯನ್ನು ಒಲೆ ಹತ್ತಿರ ಎಸೆಯಬೇಡಿ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ.

ಮೊದಲ ಪ್ರಶ್ನೆ: ಇದು ನಿಜವಾಗಿ ಎಣ್ಣೆ ಹೊರಗಿರುವ ಕ್ರೀಮೇನಾ?

ಎಷ್ಟೋ ಸಲ ನಾವು ಹುಡುಕೋದು ಒಂದು ದೋಷ, ಇರೋದು ಇನ್ನೊಂದು. ಕ್ರೀಮು ಮಾಡುವಾಗಲೇ ಮಗುಚಿಕೊಂಡು ನೀರು ಹೊರಗಿನದಾಗಿರುತ್ತದೆ. ನೋಡೋಕೆ ಎರಡೂ ಬಿಳಿ, ಎರಡೂ ಮೆತ್ತಗೆ. ಅದನ್ನು ತಿಳಿಯೋಕೆ ಖರ್ಚಿಲ್ಲದ ಪರೀಕ್ಷೆ ಇದೆ.

ಒಂದು ಗಾಜಿನ ಲೋಟದಲ್ಲಿ ನೀರು, ಇನ್ನೊಂದರಲ್ಲಿ ಅಡುಗೆ ಎಣ್ಣೆ ತಗೊಳ್ಳಿ. ಎರಡಕ್ಕೂ ಕಡಲೆಕಾಳಿನಷ್ಟು ಕ್ರೀಮು ಬಿಡಿ, ಚಮಚದಲ್ಲಿ ಮೆಲ್ಲಗೆ ತಿರುಗಿಸಿ. ಎಣ್ಣೆ ಹೊರಗಿನ ಕ್ರೀಮು ನೀರಿನಲ್ಲಿ ಮುದ್ದೆಯಾಗಿಯೇ ಉಳಿಯುತ್ತದೆ, ಲೋಟದ ಗೋಡೆಗೆ ಜಿಡ್ಡಾಗಿ ಅಂಟುತ್ತದೆ, ನೀರು ತಿಳಿಯಾಗೇ ಇರುತ್ತದೆ. ಎಣ್ಣೆಯ ಲೋಟದಲ್ಲಿ ಮಾತ್ರ ಬಿಚ್ಚಿಕೊಂಡು ಬೆರೆಯುತ್ತದೆ. ನೀರು ಹಾಲುಬಿಳಿ ಆಯಿತೋ, ನಿಮ್ಮ ಕ್ರೀಮು ಮಗುಚಿದೆ.

ಇನ್ನೊಂದು ಬಣ್ಣದ ಪರೀಕ್ಷೆ. ಸ್ಟೀಲ್ ತಟ್ಟೆಯಲ್ಲಿ ಕ್ರೀಮನ್ನು ತೆಳ್ಳಗೆ ಬಳಿದು, ಅದರ ಮೇಲೆ ನೀರಿನಲ್ಲಿ ಕರಗುವ ಅಡುಗೆ ಬಣ್ಣದ ಪುಡಿ ಚಿಟಿಕೆ ಉದುರಿಸಿ. ಸರಿಯಿದ್ದರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ನಿಂತಲ್ಲೇ ನಿಲ್ಲುತ್ತದೆ. ಮಗುಚಿದ್ದರೆ ಕೆಲವೇ ನಿಮಿಷದಲ್ಲಿ ಸುತ್ತ ಹರಡುತ್ತದೆ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರೆಸಿಸ್ಟೆನ್ಸ್‌ಗೆ ಇಟ್ಟು ಎರಡೂ ಕಡ್ಡಿಗಳನ್ನು ಕ್ರೀಮಿಗೆ ಚುಚ್ಚಿ. ಎಣ್ಣೆ ಹೊರಗಿದ್ದರೆ ಕರೆಂಟ್ ಹರಿಯಲ್ಲ, ಮೀಟರ್ ಏನೂ ತೋರಿಸಲ್ಲ. ನೀರು ಹೊರಗೆ ಬಂದಿದ್ದರೆ ಅದರಲ್ಲಿ ಉಪ್ಪೂ ಇರೋದರಿಂದ ತಕ್ಷಣ ಅಂಕಿ ಓಡುತ್ತದೆ. ಮನೆಯ ಕರೆಂಟಿಗೆ ಬಲ್ಬು ಕಟ್ಟಿ ಈ ಪರೀಕ್ಷೆ ಮಾಡುವವರೂ ಇದ್ದಾರೆ. ಅದು ಬೇಡವೇ ಬೇಡ, ಜೀವಕ್ಕೆ ಅಪಾಯ.

ಪಿಎಚ್ ಪಟ್ಟಿಯನ್ನು (ಹುಳಿ, ಕ್ಷಾರ ಎಷ್ಟಿದೆ ಅಂತ ತೋರಿಸುವ ಕಾಗದ) ಇಂಥ ಕ್ರೀಮಿಗೆ ಅದ್ದಿ ಪ್ರಯೋಜನ ಇಲ್ಲ. ಹೊರಗೆ ಎಣ್ಣೆ ಇರೋದರಿಂದ ಪಟ್ಟಿಗೆ ನೀರು ಸಿಗೋದೇ ಇಲ್ಲ. ಬೆರೆಸುವ ಮುಂಚೆ ನೀರಿನ ಭಾಗದ ಪಿಎಚ್ ನೋಡಿಕೊಂಡು ಬರೆದಿಡಿ.

ಡಬ್ಬಿ ಮೇಲೆ ಎಣ್ಣೆ ನಿಂತಿದೆ

"ಅಕ್ಕಾರ, ಡಬ್ಬಿ ತಗದ್ರ ಮ್ಯಾಲ ಎಣ್ಣಿ ನಿಂತದ್ರಿ, ಕೆಟ್ಟದೇನ್ರಿ?" ಏಪ್ರಿಲ್ ಬಂದರೆ ಈ ಫೋನ್ ತಪ್ಪಿದ್ದಲ್ಲ. ಬಹುಪಾಲು ಸಲ ಕೆಟ್ಟಿರಲ್ಲ. ನೀರಿನ ಹನಿಗಳು ಎಣ್ಣೆಗಿಂತ ಭಾರ, ಮೆಲ್ಲಗೆ ಕೆಳಗಿಳಿಯುತ್ತವೆ. ಹೊರಗಿನ ಎಣ್ಣೆ ಮೇಲೆ ಉಳಿಯುತ್ತದೆ. ಹನಿಗಳು ಇನ್ನೂ ಹನಿಗಳಾಗಿಯೇ ಇವೆ, ಒಡೆದಿಲ್ಲ.

ಮೊದಲು ಕೇಳಬೇಕಾದ್ದು ಡಬ್ಬಿ ಎಲ್ಲಿತ್ತು ಅಂತ. ಪತ್ರಾ ಶೆಡ್‌ನ ಕಪಾಟು, ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ, ಬೀದರಿಗೆ ಹೊರಟ ಬಸ್ಸಿನ ಪಾರ್ಸೆಲ್ ಜಾಗ, ಈ ಮೂರರಲ್ಲಿ ಯಾವುದಾದರೂ ಒಂದು ಉತ್ತರ ಬರುತ್ತದೆ. ನಮ್ಮಲ್ಲಿ ಬೇಸಿಗೆಯ ನೆರಳಲ್ಲೇ 42, 43 ಡಿಗ್ರಿ ಇರುತ್ತದೆ. ಮುಚ್ಚಿದ ಡಿಕ್ಕಿಯೊಳಗೆ ಇನ್ನೂ ಜಾಸ್ತಿ. ಜೇನುಮೇಣ ಕರಗೋದು 62ರಿಂದ 64 ಡಿಗ್ರಿಯಲ್ಲಿ, ಅದು ಕರಗಿರಲ್ಲ. ಆದರೆ ಎಣ್ಣೆ ತೆಳುವಾಗಿ, ಹನಿಗಳು ಇಳಿಯೋದು ಸುಲಭವಾಗಿರುತ್ತದೆ.

ಡಬ್ಬಿಯನ್ನು ನೆರಳಿಗೆ ತಂದು, ಶುದ್ಧ ಒಣ ಚಮಚದಿಂದ ಕಲಕಿ ಒಂದು ವಾರ ಬಿಡಿ. ಎಣ್ಣೆ ಮತ್ತೆ ಬರದಿದ್ದರೆ ಶಾಖದ ಆಟ ಅಷ್ಟೇ. ನೆರಳಲ್ಲೂ ಮತ್ತೆ ಬಂದರೆ ಹನಿಗಳು ದಪ್ಪ ಇವೆ ಅಂತ ಅರ್ಥ. ಆಗಲೂ ಅಳತೆ ಬದಲಿಸಬೇಡಿ. ಮುಂದಿನ ಸಲ ಕೊನೆಯ ಬ್ಲೆಂಡಿಂಗ್ ಜಾಸ್ತಿ ಮಾಡಿ. ಬಿಸಿಯಲ್ಲಿ ಒಮ್ಮೆ ಬೆರೆಸಿದ್ದು ಸಾಲದು, 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಇನ್ನೊಮ್ಮೆ ಬ್ಲೆಂಡರ್ ಓಡಿಸಬೇಕು. ಮೇ ತಿಂಗಳ ಮಧ್ಯಾಹ್ನ ನಮ್ಮ ಕೋಣೆಯೇ 40 ಇರುವಾಗ ಅದು 40ಕ್ಕೆ ಇಳಿಯೋದು ಹೇಗೆ! ಬೆಳಗಿನ ಜಾವ ಮಾಡಿ, ಇಲ್ಲಾ ಬೋಗುಣಿಯನ್ನು ತಣ್ಣೀರಿನ ಪರಾತದಲ್ಲಿ ಇಡಿ.

ಅದಕ್ಕೂ ಬಗ್ಗದಿದ್ದರೆ ಎಣ್ಣೆಗೆ ಮೈ ಕೊಡಬೇಕು. ಜೇನುಮೇಣ 1.5ರಿಂದ 2.5ಕ್ಕೆ, ಅಥವಾ ಸ್ಟಿಯರೇಟ್ 0.5ರಿಂದ 1ಕ್ಕೆ ಏರಿಸಿ, ಅಷ್ಟು ಎಣ್ಣೆ ಕಡಿಮೆ ಮಾಡಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗಲ್ಲ.

ತಳದಲ್ಲಿ ನೀರು, ಬೆರಳಿಟ್ಟರೆ ನೀರಿನ ಮಣಿ

ಇದು ಗಂಭೀರ. ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ಎಣ್ಣೆಯ ಹಿಡಿತ ಬಿಟ್ಟು ಹೊರಬಂದಿವೆ. ಹಾಗೆ ನಿಂತ ನೀರಿನಲ್ಲಿ ಸೂಕ್ಷ್ಮಾಣುಗಳಿಗೆ ಬೆಳೆಯೋಕೆ ಜಾಗ ಸಿಗುತ್ತದೆ. ಎರಡು ದಿನಕ್ಕಿಂತ ಹಳೆಯದಾದ, ನೀರು ಬಿಟ್ಟ ಕ್ರೀಮನ್ನು ಯಾರಿಗೂ ಹಚ್ಚೋಕೆ ಕೊಡಬೇಡಿ. ಕಲಕಿದರೆ ಸೇರುತ್ತೆ ಅನ್ನಿಸಬಹುದು, ಸೇರಲ್ಲ.

ಹೆದರುವ ಮುಂಚೆ ಒಂದನ್ನು ನೋಡಿ. ನೀರಿರೋದು ಕ್ರೀಮಿನಲ್ಲೋ, ಮುಚ್ಚಳದ ಒಳಗೋ? ಬಿಸಿ ಇರುವಾಗಲೇ ತುಂಬಿ ಮುಚ್ಚಿದರೆ ಆವಿ ಮುಚ್ಚಳಕ್ಕೆ ಕೂತು, ಕ್ರೀಮಿನ ಮೇಲೆ ತೊಟ್ಟಿಕ್ಕುತ್ತದೆ. ಅಲ್ಲಿ ಪ್ರಿಸರ್ವೇಟಿವ್ ಇಲ್ಲದ ಬರೀ ನೀರು ನಿಲ್ಲುತ್ತದೆ, ಬೂಸ್ಟು ಶುರುವಾಗೋದು ಅಲ್ಲೇ. ಪೂರ್ತಿ ಆರಿದ ಮೇಲೆ ತುಂಬಿದರೆ ಈ ತೊಂದರೆ ಮುಗಿಯಿತು.

ಕ್ರೀಮಿನೊಳಗಿಂದಲೇ ನೀರು ಬರುತ್ತಿದ್ದರೆ ನನ್ನ ಮೊದಲ ಅನುಮಾನ ನೀರು ಸುರಿದ ವೇಗದ ಮೇಲೆ. ಎಣ್ಣೆಗೆ ನೀರು ಹೋಗಬೇಕು, ನೀರಿಗೆ ಎಣ್ಣೆ ಅಲ್ಲ. ಮೊದಲ ಮೂರನೇ ಒಂದು ಭಾಗ ದಾರದಷ್ಟು ಸಣ್ಣ ಧಾರೆಯಲ್ಲಿ ಹೋಗಬೇಕು. ನೋಡುತ್ತಾ ಇರಿ: ಹಾಕಿದ ನೀರು ಎಣ್ಣೆಯಲ್ಲಿ ಮಾಯವಾಗಿ, ಹೊಳಪು ಮರಳಿ ಬಂದ ಮೇಲೆಯೇ ಮುಂದಿನದು. ಬೋಗುಣಿಯ ಅಂಚಲ್ಲಿ ನೀರಿನ ಗೆರೆ ಕಂಡರೆ ಸುರಿಯೋದು ನಿಲ್ಲಿಸಿ, ತಿರುಗಿಸೋದು ನಿಲ್ಲಿಸಬೇಡಿ. ಅರ್ಧ ದಾಟಿದ ಮೇಲೆ ಸ್ವಲ್ಪ ಧಾರಾಳವಾಗಬಹುದು. 100 ಗ್ರಾಂ ಮಾಡಹೊರಟರೆ ಹ್ಯಾಂಡ್ ಬ್ಲೆಂಡರಿನ ಬ್ಲೇಡೇ ಮುಳುಗಲ್ಲ, ಗಾಳಿ ಸೇರುತ್ತದೆ ಅಷ್ಟೇ. ಕಡಿಮೆಯೆಂದರೆ 300 ಗ್ರಾಂ ಮಾಡಿ, ಕಿರಿದಾದ ಎತ್ತರದ ಪಾತ್ರೆಯಲ್ಲಿ.

ಎರಡನೇ ಅನುಮಾನ ಉಪ್ಪು. 0.7 ಗ್ರಾಂ ಎಪ್ಸಮ್ ಸಾಲ್ಟ್ ಅಲ್ವಾ, ಅದಿಲ್ಲದಿದ್ದರೆ ಏನಾಗುತ್ತೆ ಅಂತ ಬಿಟ್ಟುಬಿಡುವವರು ಬಹಳ. ಅದೇ ಕ್ರೀಮಿನ ಆಯಸ್ಸು. ಎಣ್ಣೆಯ ಮೂಲಕ ನೀರು ಅತಿ ಸ್ವಲ್ಪ ಪ್ರಮಾಣದಲ್ಲಿ ದಾಟುತ್ತಲೇ ಇರುತ್ತದೆ, ಯಾವಾಗಲೂ ಸಣ್ಣ ಹನಿಯಿಂದ ದೊಡ್ಡದಕ್ಕೆ. ಸಣ್ಣವು ಬತ್ತುತ್ತವೆ, ದೊಡ್ಡವು ಊದಿಕೊಳ್ಳುತ್ತವೆ. ಹನಿಯೊಳಗೆ ಉಪ್ಪಿದ್ದರೆ ಸಣ್ಣ ಹನಿ ಬತ್ತಿದಷ್ಟೂ ಅದರ ಉಪ್ಪು ಗಟ್ಟಿಯಾಗಿ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿಗೆ ಆ ಓಟ ನಿಲ್ಲುತ್ತದೆ. 0.5ರಿಂದ 1 ಭಾಗ ಸಾಕು. ಅಡುಗೆ ಉಪ್ಪೂ ನಡೆಯುತ್ತದೆ, ಆದರೆ ಅಯೋಡಿನ್ ಇರುವ ಪ್ಯಾಕೆಟ್ ಬೇಡ.

ಬೋರಿನ ನೀರಲ್ಲೇ ಬೇಕಾದಷ್ಟು ಉಪ್ಪಿದೆಯಲ್ಲ, ಅದನ್ನೇ ಹಾಕಿದರಾಯ್ತು ಅಂತ ಕೇಳ್ತಾರೆ. ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲಿನ ನೆಲ, ನೀರು ಗಡಸು ಅನ್ನೋದು ನಿಜ. ಆದರೆ ಎಷ್ಟು ಗಡಸು ಅನ್ನೋದು ಬಾವಿಗೊಂದು, ತಿಂಗಳಿಗೊಂದು. ಅದರಲ್ಲಿ ಕಬ್ಬಿಣದ ಅಂಶ ಇದ್ದರೆ ಎಣ್ಣೆ ಬೇಗ ಕಮಟುತ್ತದೆ. ಡಿಸ್ಟಿಲ್ಡ್ ವಾಟರ್ ತಗೊಂಡು ಉಪ್ಪನ್ನು ನೀವೇ ತೂಗಿ ಹಾಕಿ.

ಮೂರನೆಯದು ಶಾಖ. ಮೇಣ ಇರುವ ಕ್ರೀಮಿಗೆ ಎರಡೂ ಭಾಗ 75 ಡಿಗ್ರಿ ಹತ್ತಿರ ಇರಬೇಕು, ನಡುವೆ 5 ಡಿಗ್ರಿಗಿಂತ ವ್ಯತ್ಯಾಸ ಬೇಡ. ಇಲ್ಲಿ ನಮ್ಮ ಊರಿನದೇ ಒಂದು ಚೇಷ್ಟೆ ಇದೆ. ಡಿಸೆಂಬರ್ ಬೆಳಿಗ್ಗೆ ಅಡುಗೆಮನೆಯ ಶಹಾಬಾದ್ ಕಲ್ಲಿನ ಕಟ್ಟೆ ತಣ್ಣಗೆ ಕೊರೆಯುತ್ತಿರುತ್ತದೆ. ಬಿಸಿ ಬೋಗುಣಿಯನ್ನು ಅದರ ಮೇಲಿಟ್ಟು ನೀರು ಸುರಿಯೋಕೆ ಶುರು ಮಾಡಿದರೆ, ತಳದಲ್ಲಿ ಮೇಣ ಬಿಳಿ ಪೊರೆಯಾಗಿ ಹಿಡಿಯುತ್ತದೆ. ಥರ್ಮಾಮೀಟರ್ ನಡುವಿನ ಎಣ್ಣೆಯಲ್ಲಿ 70 ತೋರಿಸುತ್ತಾ ಇರುತ್ತದೆ. ತಳದ ಮೇಣ ಕೆಲಸಕ್ಕೆ ಬರದೆ ಹಾಗೇ ಉಳಿಯುತ್ತದೆ. ಬೋಗುಣಿ ಕೆಳಗೆ ಮಡಚಿದ ಗೋಣಿತಟ್ಟೋ ಮರದ ಹಲಗೆಯೋ ಇಡಿ.

ಕಾಯಿಸುವಾಗ ನೀರು ಆವಿಯಾಗಿ ಹೋಗುತ್ತದೆ, ಅದನ್ನೂ ಮರೆಯಬೇಡಿ. ನೀರಿನ ಭಾಗವನ್ನು ಕಾಯಿಸುವ ಮುಂಚೆ, ಆಮೇಲೆ ಎರಡು ಸಲ ತೂಗಿ. ಕಡಿಮೆಯಾದಷ್ಟು ಬಿಸಿನೀರು ಸೇರಿಸಿ.

ಇವೆಲ್ಲ ಸರಿಯಿದ್ದು ಇನ್ನೂ ನೀರು ಬಿಡುತ್ತಿದ್ದರೆ ಪದಾರ್ಥಗಳ ಕಡೆ ಬನ್ನಿ. ಹೊಸದಾಗಿ ಏನು ಸೇರಿಸಿದಿರಿ? ಲೋಳೆಸರದ ತಿರುಳು, ಸ್ಪಿರಿಟ್‌ನಲ್ಲಿ ತೆಗೆದ ಗಿಡಮೂಲಿಕೆ ಸಾರ, ಸುಗಂಧ ಜಾಸ್ತಿ, ಇವುಗಳಲ್ಲಿ ಒಂದು ಸಿಕ್ಕರೆ ಅದನ್ನು ಬಿಟ್ಟು ಬರೀ ಮೂಲ ಅಳತೆ ಮಾಡಿ ನೋಡಿ. ಎಣ್ಣೆ ಭಾಗದಲ್ಲಿ ಹರಳೆಣ್ಣೆ ತುಂಬ ಇದ್ದರೂ ಕಷ್ಟ. ಅದು ಉಳಿದ ಎಣ್ಣೆಗಳಂತಲ್ಲ, ಎಮಲ್ಸಿಫೈಯರನ್ನು ತನ್ನಲ್ಲೇ ಕರಗಿಸಿಟ್ಟುಕೊಂಡು ಹನಿಯ ಸುತ್ತ ಕೂರೋಕೆ ಬಿಡಲ್ಲ. ಅರ್ಧ ಭಾಗವನ್ನು ಲಿಕ್ವಿಡ್ ಪ್ಯಾರಾಫಿನ್‌ಗೆ ಬದಲಿಸಿ. ಎಮಲ್ಸಿಫೈಯರ್ 4ರಿಂದ 5 ಮಾಡೋ ಯೋಚನೆ ಇದೆಲ್ಲ ಆದ ಮೇಲೆ.

ಮಾಡುತ್ತಿರುವಾಗಲೇ ಹಠಾತ್ತಾಗಿ ತೆಳುವಾಯಿತು

ಕ್ರೀಮು ಚೆನ್ನಾಗಿ ಗಟ್ಟಿಯಾಗುತ್ತಾ ಬಂದು, ಒಂದೇ ಕ್ಷಣದಲ್ಲಿ ಸೌಟಿನಿಂದ ಹಾಲಿನ ಧಾರೆಯಾಗಿ ಇಳಿಯತೊಡಗಿದರೆ ಅದು ಮಗುಚಿತು. ಬೆರಳಿಗೆ ಹಚ್ಚಿ ನಲ್ಲಿಗೆ ಹಿಡಿಯಿರಿ, ಸುಮ್ನೆ ತೊಳೆದುಹೋಗುತ್ತದೆ.

ಕಾರಣ ಹೆಚ್ಚಾಗಿ ಒಂದೇ ಸಲಕ್ಕೆ ಬಿದ್ದ ನೀರು. ಇನ್ನೊಂದು ಕಾರಣ ಯಾರೂ ಊಹಿಸಲ್ಲ: ಪಾತ್ರೆ ತೊಳೆದ ಸೋಪಿನ ಪೊರೆ. ಸೋಪಿನ ಗುಣವೇ ನೀರನ್ನು ಹೊರಗೆ ತರೋದು. ಬ್ಲೆಂಡರಿನ ಬ್ಲೇಡಿನ ಸಂದಿಯಲ್ಲಿ ಪಾತ್ರೆ ಸೋಪು ಉಳಿದಿದ್ದರೆ ಸಣ್ಣ ಪ್ರಮಾಣದ ಕ್ರೀಮನ್ನು ಕೆಡಿಸೋಕೆ ಸಾಕು. ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಪೂರ್ತಿ ಒಣಗಿಸಿ. ಮೂರನೆಯದು ತಪ್ಪು ಬಾಟಲಿ. ಸಾರ್ಬಿಟಾನ್ ಓಲಿಯೇಟ್ ಕೇಳಿ ಪಾಲಿಸಾರ್ಬೇಟ್ ತಂದಿರುತ್ತಾರೆ. ಅಂಗಡಿಯಲ್ಲಿ ಒಂದನ್ನು ಸ್ಪಾನ್ 80, ಇನ್ನೊಂದನ್ನು ಟ್ವೀನ್ 80 ಅಂತಾರೆ. ಸ್ಪಾನ್ 80ರ ಎಚ್‌ಎಲ್‌ಬಿ 4.3, ಟ್ವೀನ್ 80ರದು 15. ಸಂಖ್ಯೆ ಒಂದೇ 80, ಕೆಲಸ ಪೂರ್ತಿ ಉಲ್ಟಾ. ಬಾಟಲಿಯಿಂದ ಒಂದು ತೊಟ್ಟು ನೀರಿಗೆ ಬಿಟ್ಟು ನೋಡಿ. ಸುಲಭವಾಗಿ ಕರಗಿಹೋದರೆ ಅದು ಈ ಕ್ರೀಮಿಗಲ್ಲ.

ಮಗುಚಿದ್ದನ್ನು ಉಳಿಸೋಕೆ ಒಂದೇ ದಾರಿ. ಬೇರೆ ಒಣ ಪಾತ್ರೆಯಲ್ಲಿ ಹೊಸದಾಗಿ ಎಣ್ಣೆ ಭಾಗ ಸಿದ್ಧಮಾಡಿ, ಹಾಳಾದದ್ದನ್ನು ನೀರು ಸುರಿದ ಹಾಗೆ ಅದಕ್ಕೆ ಸಣ್ಣ ಧಾರೆಯಲ್ಲಿ ಸೇರಿಸಿ. ಕೂಡಿಕೊಂಡರೆ ಸರಿ, ಆದರೆ ಎಣ್ಣೆ ಪಾಲು ಜಾಸ್ತಿ ಆಗಿ ಜಿಡ್ಡು ಹೆಚ್ಚುತ್ತದೆ, ಪ್ರಿಸರ್ವೇಟಿವ್ ಲೆಕ್ಕವೂ ತಪ್ಪುತ್ತದೆ. ಹಿಮ್ಮಡಿಗೆ ಮನೆಮಂದಿ ಬಳಸಿಕೊಂಡು ಬೇಗ ಮುಗಿಸಿ. ಸೋಪಿನಿಂದಲೋ ತಪ್ಪು ಬಾಟಲಿಯಿಂದಲೋ ಆಗಿದ್ದರೆ ಈ ಕಸರತ್ತು ಬೇಡ, ಚೆಲ್ಲಿಬಿಡಿ.

ಕ್ರೀಮು ಗಟ್ಟಿಯೇ ಆಗ್ತಿಲ್ಲ

ಇಲ್ಲಿ ಲೋಷನ್ ಮಾಡಿ ಪಳಗಿದವರೇ ಎಡವೋದು. ಲೋಷನ್ ತೆಳುವಾದರೆ ನೀರು ಕಡಿಮೆ ಮಾಡ್ತೀವಿ. ಇದಕ್ಕೆ ನೀರು ಜಾಸ್ತಿ ಮಾಡಬೇಕು. ಗಟ್ಟಿತನ ಬರೋದು ಹನಿಗಳು ಒತ್ತೊತ್ತಾಗಿ ಕೂತಾಗ. ಒಂದೇ ಗಾತ್ರದ ಗುಂಡುಗಳು ಹೆಚ್ಚೆಂದರೆ ಜಾಗದ ನೂರಕ್ಕೆ 74ರಷ್ಟು ತುಂಬಬಲ್ಲವು. ಆ ಮಿತಿ ಹತ್ತಿರ ಬಂದಷ್ಟೂ ಕ್ರೀಮು ನಿಲ್ಲುತ್ತದೆ. ನೀರಿನ ಭಾಗ 55 ಇದ್ದರೆ ಅದು ಸುರಿಯುವ ಹದ. 65 ದಾಟಿದರೆ ಚಮಚದಲ್ಲಿ ನಿಲ್ಲತೊಡಗುತ್ತದೆ. 75ರ ಮೇಲೆ ಹೋಗೋದು ಅನುಭವ ಇದ್ದವರಿಗೆ, ಒಳ್ಳೆ ಹೋಮೊಜಿನೈಜರ್ (ಹನಿಗಳನ್ನು ತೀರಾ ಸಣ್ಣದಾಗಿ ಒಡೆಯುವ ಯಂತ್ರ) ಇದ್ದವರಿಗೆ.

ನೀರಿನ ಪಾಲು ಸರಿಯಿದ್ದೂ ತೆಳುವಾಗಿದ್ದರೆ ಬ್ಲೆಂಡಿಂಗ್ ಸಾಲದು. ಒಂದು ಚಮಚ ತೆಗೆದು ಬೇರೆ ಬಟ್ಟಲಲ್ಲಿ ಜೋರಾಗಿ ಕಲಕಿ. ಕಣ್ಣೆದುರೇ ಬಿಳಿಯಾಗುತ್ತಾ ಗಟ್ಟಿಯಾದರೆ ಉತ್ತರ ಸಿಕ್ಕಿತು.

ಜೇನುಮೇಣ ಮತ್ತು ಬೋರಾಕ್ಸ್ (ಬಿಳಿಗಾರ) ಹಾಕಿ ಮಾಡುವ ಹಳೇ ಪದ್ಧತಿಯ ಕೋಲ್ಡ್ ಕ್ರೀಮಿಗೆ ಮಾತ್ರ ಈ ಮಾತು ಹೊಂದಲ್ಲ. ಅದರಲ್ಲಿ ನೀರು ಸುಮಾರು 45 ಭಾಗ ದಾಟಿದರೆ ಮಗುಚುವ ಸಾಧ್ಯತೆ ಜಾಸ್ತಿ. ಅದರ ಗಟ್ಟಿತನವೆಲ್ಲ ಮೇಣದ್ದು.

ಹಚ್ಚಿದರೆ ಹರಳು ಹರಳು

ಹರಳನ್ನು ಎರಡು ಬೆರಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿ. ಮೈಶಾಖಕ್ಕೆ ಕರಗಿದರೆ ಅದು ಕೊಬ್ಬು. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ. ಕಲಬುರಗಿಯಲ್ಲಿ ಒಂಬತ್ತು ತಿಂಗಳು ಇದು ತೊಂದರೆ ಕೊಡಲ್ಲ, ಆದರೆ ಬೀದರ್ ಎತ್ತರದ ಊರು, ಜನವರಿ ರಾತ್ರಿ ಅಲ್ಲಿ ಚಳಿ ಹೆಚ್ಚು. ಇಲ್ಲಿ ಸೊಗಸಾಗಿದ್ದ ಕ್ರೀಮು ಅಲ್ಲಿ ಹರಳಾಗುತ್ತದೆ. ಹೆಪ್ಪುಗಟ್ಟಿದ ಕೊಬ್ಬಿನ ಹರಳುಗಳು ಹನಿಗಳ ಪೊರೆಯನ್ನು ಚುಚ್ಚೋದರಿಂದ ಆಮೇಲೆ ನೀರೂ ಬಿಡಬಹುದು. ಕೊಬ್ಬರಿ ಎಣ್ಣೆ ಕಡಿಮೆ ಮಾಡಿ, ದ್ರವವಾಗಿಯೇ ಉಳಿಯುವ ಎಣ್ಣೆ ಹಾಕಿ. ಶಿಯಾ ಬೆಣ್ಣೆ ಹಾಕಿದ್ದರೆ ಪೂರ್ತಿ ಕರಗಿಸಿ, ಕಲಕುತ್ತಲೇ ಬೇಗ ಆರಿಸಿ. ನಿಧಾನವಾಗಿ ಆರಿದರೆ ಹರಳು ದೊಡ್ಡದಾಗುತ್ತದೆ.

ಉಜ್ಜಿದಾಗ ಕರಗದೆ, ಒದ್ದೆ ಬೆರಳಿಗೆ ಮಾಯವಾದರೆ ಉಪ್ಪು ಅಥವಾ ಬೋರಾಕ್ಸ್. ನೀರಿನಲ್ಲಿ ಮೊದಲೇ ಪೂರ್ತಿ ಕರಗಿಸಿರಲ್ಲ. ಬೋರಾಕ್ಸ್ ಆದರೆ ಅಳತೆಯೂ ನೋಡಿ, ಮೇಣದ ತೂಕದ ನೂರಕ್ಕೆ 5ರಿಂದ 7 ಸಾಕು. ಮೇಣದ ಆಮ್ಲಕ್ಕೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ಆರಿದ ಮೇಲೆ ಹರಳಾಗಿ ಕೂರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಎಳೆ ಮಕ್ಕಳಿಗೆ, ಒಡೆದು ರಕ್ತ ಬರುವ ಹಿಮ್ಮಡಿಗೆ ಬೋರಾಕ್ಸ್ ಕ್ರೀಮು ಬೇಡ. ಗಾಯದ ಮೂಲಕ ಅದು ಮೈಗೆ ಸೇರುತ್ತದೆ.

ಎರಡೂ ಅಲ್ಲದೆ ಗಟ್ಟಿಯಾಗಿ ಉಳಿದರೆ ಸ್ಟಿಯರೇಟ್ ಪುಡಿಯ ಗಂಟು. ಎಣ್ಣೆ ತಣ್ಣಗಿರುವಾಗಲೇ ಅದನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿಕೊಂಡು ಆಮೇಲೆ ಕಾಯಿಸಿ.

ಜಿಡ್ಡು, ಅಂಟು

ಎಣ್ಣೆ ಹೊರಗಿರೋ ಕ್ರೀಮು ಸ್ವಲ್ಪ ಜಿಡ್ಡಾಗಿರೋದು ದೋಷವಲ್ಲ, ಅದರ ಸ್ವಭಾವ. ಕೈಗೆ ಎಳೆ ಎಳೆಯಾಗಿ ಅಂಟಿದರೆ ಎಮಲ್ಸಿಫೈಯರೋ ಗ್ಲಿಸರಿನ್ನೋ ಜಾಸ್ತಿ. ಮುಖಕ್ಕೆ ಹಗುರವಾದದ್ದು ಬೇಕಾದರೆ ಈ ಜಾತಿಯನ್ನೇ ಬಿಟ್ಟು ಲೋಷನ್ ಮಾಡಿ.

ವಾಸನೆ, ಬಣ್ಣ, ಚುಕ್ಕೆ

ಹಳೇ ಕರಿದ ಎಣ್ಣೆಯ ವಾಸನೆ ಬಂದರೆ ಎಣ್ಣೆ ಕಮಟಿದೆ. ನಮ್ಮಲ್ಲಿ ಕುಸುಬಿ ಎಣ್ಣೆ ಗಾಣದಿಂದ ತಾಜಾ ಸಿಗುತ್ತದೆ, ಚರ್ಮಕ್ಕೂ ಹಗುರ. ಆದರೆ ಅದರಲ್ಲಿರುವ ಲಿನೋಲಿಕ್ ಆಮ್ಲ ಗಾಳಿ, ಶಾಖಕ್ಕೆ ಬೇಗ ಕೆಡುತ್ತದೆ. ಕ್ರೀಮಿಗೆ ಹಾಕುವ ಮುಂಚೆ ಎಣ್ಣೆಯನ್ನೇ ಮೂಸಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಎಣ್ಣೆ ಭಾಗಕ್ಕೆ ವಿಟಮಿನ್ ಇ 0.2 ಸೇರಿಸಿದರೆ ಕಮಟೋದು ತಡವಾಗುತ್ತದೆ. ಆದರೆ ಅದು ಪ್ರಿಸರ್ವೇಟಿವ್ ಅಲ್ಲ. ಎಣ್ಣೆ ಕೆಡೋದನ್ನು ತಡೆಯುತ್ತದೆ, ಸೂಕ್ಷ್ಮಾಣುಗಳನ್ನಲ್ಲ. ಈ ಎರಡನ್ನು ಒಂದೇ ಅಂದುಕೊಂಡು ಕೆಟ್ಟ ಕ್ರೀಮುಗಳು ಲೆಕ್ಕವಿಲ್ಲದಷ್ಟು.

ಹುಳಿ ಅಥವಾ ಮುಗ್ಗಲು ವಾಸನೆ, ಕಪ್ಪು, ಹಸಿರು, ಗುಲಾಬಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಚುಕ್ಕೆ ಕೆರೆದು ಉಳಿದದ್ದು ಬಳಸೋದು ಬೇಡ. ಡಬ್ಬಿ ಸಮೇತ ಎಸೆದು, ಅದೇ ಸಲ ತುಂಬಿದ ಎಲ್ಲ ಡಬ್ಬಿಗಳನ್ನೂ ವಾಪಸ್ ತರಿಸಿಕೊಳ್ಳಿ.

ಆಮೇಲೆ ಕಾರಣ ಹುಡುಕಿ. ಪ್ರಿಸರ್ವೇಟಿವ್ ಯಾವಾಗ ಹಾಕಿದಿರಿ? ಕ್ರೀಮು ಆದ ಮೇಲೆ ಮೇಲಿಂದ ಹಾಕಿದ್ದು ಹೊರಗಿನ ಎಣ್ಣೆಯಲ್ಲೇ ಉಳಿಯಬಹುದು, ಕಾಯಬೇಕಾದ್ದು ಒಳಗಿನ ನೀರನ್ನು. ಫಿನಾಕ್ಸಿಎಥನಾಲ್ ಅನ್ನೋ ಪ್ರಿಸರ್ವೇಟಿವ್ ಶಾಖ ತಾಳುತ್ತದೆ, ನೀರಿನ ಭಾಗಕ್ಕೇ ಮೊದಲು ಸೇರಿಸಿ. 1 ಭಾಗಕ್ಕಿಂತ ಜಾಸ್ತಿ ಬೇಡ. ಅದೊಂದೇ ಇದ್ದರೆ ಬೂಸ್ಟಿನ ಮುಂದೆ ಸ್ವಲ್ಪ ಸೋಲುತ್ತದೆ, ಎಥೈಲ್‌ಹೆಕ್ಸೈಲ್ ಗ್ಲಿಸರಿನ್ ಜೊತೆ ಬೆರೆಸಿ ಮಾರುವುದನ್ನು ತಗೊಳ್ಳಿ. ಸೋಡಿಯಂ ಬೆಂಜೊಯೇಟ್ ಅಗ್ಗ ಅಂತ ಹಾಕುವವರು ನೀರಿನ ಪಿಎಚ್ 5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಇಡಬೇಕು. ಬೋರಾಕ್ಸ್ ಕ್ಷಾರ. ಅದರ ಜೊತೆ ಬೆಂಜೊಯೇಟ್ ಇದ್ದೂ ಇಲ್ಲದಂತೆ. ಮನೆಯ ಲೋಳೆಸರ, ಹಾಲು, ಮೊಸರು, ಅರಿಶಿನದ ಹಸಿ ಕೊನೆ ಹಾಕಿದರೆ ಯಾವ ಪ್ರಿಸರ್ವೇಟಿವ್ ಕೂಡ ಭರವಸೆ ಕೊಡಲ್ಲ.

ಹಚ್ಚಿದರೆ ಉರಿ, ತುರಿಕೆ

ತೊಳೆದು ನಿಲ್ಲಿಸಿ. ಇಂಥ ಕ್ರೀಮು ಬರೀ ನೀರಿಗೆ ಹೋಗಲ್ಲ, ಹತ್ತಿಯಲ್ಲಿ ಒರೆಸಿ ಆಮೇಲೆ ಮೆದು ಸೋಪು ಹಾಕಿ. ಬೊಬ್ಬೆ ಎದ್ದರೆ, ಕಣ್ಣಿನ ಸುತ್ತ ಊದಿದರೆ, ಮರುದಿನಕ್ಕೂ ಇಳಿಯದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಪದಾರ್ಥಗಳ ಚೀಟಿ ಜೊತೆಗಿರಲಿ. ಉಸಿರಾಟಕ್ಕೆ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ. ಕಾರಣ ಹೆಚ್ಚಾಗಿ ಸುಗಂಧ ತೈಲ, ನಿಂಬೆ ರಸ, ಇಲ್ಲಾ ಜಾಸ್ತಿಯಾದ ಪ್ರಿಸರ್ವೇಟಿವ್. ಶುಗರ್ ಇರುವವರ ಒಡೆದ ಕಾಲಿಗೆ ಮನೆ ಕ್ರೀಮಿನ ಪ್ರಯೋಗ ಮಾಡಲೇಬೇಡಿ, ಸಣ್ಣ ಬಿರುಕೂ ಅವರಿಗೆ ಹುಣ್ಣಾಗಬಹುದು.

ಸರಿಯಾಯಿತು ಅಂತ ಹೇಳೋದು ಯಾವಾಗ

ದೋಷ ತಿದ್ದಿದ ಮೇಲೆ ಮೂರು ಡಬ್ಬಿ ತುಂಬಿ. ಒಂದು ಮನೆಯ ನೆರಳಲ್ಲಿ, ಒಂದು ಬಿಸಿ ಜಾಗದಲ್ಲಿ, ಇನ್ನೊಂದು ಒಂದು ದಿನ ಫ್ರಿಜ್‌ನಲ್ಲಿ, ಒಂದು ದಿನ ಬಿಸಿಯಲ್ಲಿ, ಹೀಗೆ ಮೂರು ಸುತ್ತು. ಕಂಪನಿಗಳು 40, 45 ಡಿಗ್ರಿಯ ಪೆಟ್ಟಿಗೆಯಲ್ಲಿ ಮೂರು ತಿಂಗಳು ಇಟ್ಟು ನೋಡುತ್ತವೆ. ನಮ್ಮ ಬೇಸಿಗೆಗೆ ಆ ಪೆಟ್ಟಿಗೆ ಬೇಕಿಲ್ಲ, ಅಟ್ಟ ಸಾಕು. ಥರ್ಮಾಮೀಟರ್ ಮಾತ್ರ ಪಕ್ಕದಲ್ಲಿರಲಿ. 50 ದಾಟಿದರೆ ಒಳ್ಳೆ ಕ್ರೀಮೂ ಸೋಲಬಹುದು, ಆ ಫಲಿತಾಂಶ ನಂಬಬೇಡಿ. ಪ್ರತಿ ಡಬ್ಬಿಗೂ ದಿನಾಂಕ, ಶಾಖ, ನೀರು ಸುರಿಯೋಕೆ ಹಿಡಿದ ಹೊತ್ತು ಬರೆದ ಚೀಟಿ ಅಂಟಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಕಣ್ಣಿಗೆ ಕಾಣುವ ದೋಷ ಇಲ್ಲ ಅಂದ ಮಾತ್ರಕ್ಕೆ ಸೂಕ್ಷ್ಮಾಣು ಇಲ್ಲ ಅಂತಲ್ಲ. ಅದನ್ನು ಲ್ಯಾಬ್ ಮಾತ್ರ ಹೇಳಬಲ್ಲದು. ಮನೆಮಂದಿಗೆ ಮಾಡೋದು ಒಂದು, ಸಂತೆಗೆ ಮಾಡೋದು ಇನ್ನೊಂದು. ಮಾರಾಟಕ್ಕೆ ತಯಾರಿಸೋದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಲೈಸೆನ್ಸ್ ಬೇಕು, ಸಂಘದ ಹೆಸರಲ್ಲಿ ಮಾಡಿದರೂ ಅಷ್ಟೇ. ಗಜಕರ್ಣ ಹೋಗುತ್ತೆ, ಇಸುಬು ವಾಸಿಯಾಗುತ್ತೆ ಅಂತ ಲೇಬಲ್ ಮೇಲೆ ಬರೆದರೆ ಅದು ಕ್ರೀಮಾಗಿ ಉಳಿಯಲ್ಲ, ಔಷಧಿಯ ಕಾನೂನಿಗೆ ಬರುತ್ತದೆ. ಲೇಬಲ್ ಅಚ್ಚು ಹಾಕಿಸುವ ಮುಂಚೆಯೇ ಲೈಸೆನ್ಸ್ ಕೊಡುವ ರಾಜ್ಯದ ಔಷಧ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.